ಮಂತ್ರದ ಕತ್ತಿಗೂ ಇರಲಿ ಮಿತಿ

ಮೇಜಿನ ಸುತ್ತ ನಾಲ್ಕೈದು ಮಂದಿ. ಎಲ್ಲರ ಮುಂದೆ ಒಂದೊಂದು ಹಾಳೆ, ಪೆನ್ಸಿಲು. ನಡುವೆ ಇಪ್ಪತ್ತು ಮುಖಗಳ ದಾಳ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗಿನ ವೀರರಾಗುತ್ತಾರೆ. ‘ಗುಹೆಯ ಬಾಗಿಲಲ್ಲಿ ಗಾಬ್ಲಿನ್ ನಿಂತಿದೆ, ಏನು ಮಾಡುತ್ತೀರಿ?’ ಎಂದು ಕೇಳಿದರೆ ಒಬ್ಬಳು ಕತ್ತಿ ಬೀಸುತ್ತಾಳೆ, ಇನ್ನೊಬ್ಬ ಮಾತಿನಲ್ಲೇ ಒಲಿಸಿಕೊಳ್ಳಲು ನೋಡುತ್ತಾನೆ. ಕೆಲಸ ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಹೊರಬಂತು.

ಆಟಗಾರರಿಗೆಲ್ಲ ಇಷ್ಟವಾದದ್ದು ನಿಧಿಯಲ್ಲಿ ಸಿಗುವ ಮಾಯಾವಸ್ತುಗಳು. ಬಲ ಹೆಚ್ಚಿಸುವ ಕೈಗವಸು, ಬುದ್ಧಿ ಹೆಚ್ಚಿಸುವ ಹಣೆಪಟ್ಟಿ, ಗುರಿ ತಪ್ಪದ ಕತ್ತಿ. ಆದರೆ ಕೊಡುವ ಕೈ ಸ್ವಲ್ಪ ಧಾರಾಳವಾದರೂ ಆಟ ಕೆಡುವುದು ಇಲ್ಲೇ.

ಒಂದು ಅಂಕಕ್ಕೆ ಎಷ್ಟು ಬೆಲೆ?

ಲೆಕ್ಕ ಮಾಡಿ ನೋಡೋಣ. ಗಾಬ್ಲಿನ್‌ನ ರಕ್ಷಣಾ ಅಂಕ 15 ಎಂದುಕೊಳ್ಳಿ. ದಾಳದಲ್ಲಿ ಬಿದ್ದದ್ದಕ್ಕೆ ನಿಮ್ಮ ಶಕ್ತಿಯ ಅಂಕ ಸೇರಿಸಿದಾಗ 15 ಅಥವಾ ಹೆಚ್ಚು ಬಂದರೆ ಏಟು ತಗುಲುತ್ತದೆ. ತಂಡದ ಅಕ್ಕನ ಅಂಕ 5. ಆಕೆಗೆ 10ರಿಂದ 20ರವರೆಗೆ ಯಾವುದು ಬಿದ್ದರೂ ಸಾಕು. ಇಪ್ಪತ್ತು ಮುಖಗಳಲ್ಲಿ 11 ಆಕೆಯ ಪರ, ಅಂದರೆ ಶೇ 55. ತಮ್ಮನ ಅಂಕ 2 ಮಾತ್ರ. ಅವನಿಗೆ 13 ಬೀಳಬೇಕು, ಅವನ ಪರ 8 ಮುಖಗಳು, ಶೇ 40.

ಈಗ ಅಕ್ಕನಿಗೆ ಮೂರು ಅಂಕ ಹೆಚ್ಚಿಸುವ ಮಾಯಾಕತ್ತಿ ಸಿಕ್ಕಿತು. ಅವಳ ಪರ 14 ಮುಖಗಳು, ಶೇ 70. ಗಾಬ್ಲಿನ್‌ಗಳು ಸಾಲುಸಾಲಾಗಿ ಉರುಳುತ್ತವೆ. ಆಟ ಸಪ್ಪೆಯಾಯಿತಲ್ಲ ಎಂದು ಕಥೆ ಹೇಳುವವರು ಶತ್ರುವಿನ ರಕ್ಷಣೆಯನ್ನು 18ಕ್ಕೆ ಏರಿಸುತ್ತಾರೆ. ಏನಾಯಿತು ನೋಡಿ: ಅಕ್ಕ ಮತ್ತೆ ಹಳೆಯ ಶೇ 55ಕ್ಕೇ ಬಂದಳು. ತಮ್ಮನಿಗೆ ಮಾತ್ರ ಈಗ 16 ಬೀಳಬೇಕು. ಐದೇ ಮುಖಗಳು, ಶೇ 25. ಕತ್ತಿಯಿಂದ ಅಕ್ಕನಿಗೆ ಏನೂ ದಕ್ಕಲಿಲ್ಲ, ಅದರ ಬೆಲೆ ತೆತ್ತವನು ತಮ್ಮ. ನಾಲ್ಕು ಬಾರಿ ದಾಳ ಎಸೆದರೆ ಮೂರು ಬಾರಿ ಸೋಲುವ ಹುಡುಗ ಮುಂದಿನ ವಾರ ಆಟಕ್ಕೆ ಬರುತ್ತಾನೆಯೇ?

ನಿಯಮಗಳು ಬದಲಾದ ಬಗೆ

ಆಟದ ನಿಯಮಪುಸ್ತಕಗಳು ಇದಕ್ಕೆ ಬೇರೆ ಬೇರೆ ಪರಿಹಾರ ಹುಡುಕಿವೆ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವ್ಯಕ್ತಿತ್ವದ ಸೆಳೆತ ಎಂದು ಪ್ರತಿ ಪಾತ್ರಕ್ಕೂ ಆರು ಗುಣಗಳು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ‘ಗಾಂಟ್ಲೆಟ್ಸ್ ಆಫ್ ಓಗರ್ ಪವರ್’ ಎಂಬ ಕೈಗವಸು ತೊಟ್ಟವರ ಬಲಕ್ಕೆ 2 ಸೇರುತ್ತಿತ್ತು. ಬಲದ ಸೊಂಟಪಟ್ಟಿಯಿಂದ 4 ಅಥವಾ 6 ಸೇರುತ್ತಿತ್ತು. ಎರಡನ್ನೂ ತೊಟ್ಟರೆ ಕೂಡುವಂತಿಲ್ಲ, ದೊಡ್ಡದಷ್ಟೇ ಲೆಕ್ಕಕ್ಕೆ. ಆದರೂ ಮೊದಲೇ ಬಲಶಾಲಿಯಾದವರು ಇನ್ನಷ್ಟು ಬಲಶಾಲಿಗಳಾಗಬಹುದಿತ್ತು.

2014ರ ಐದನೇ ಆವೃತ್ತಿ ದಾರಿ ಬದಲಿಸಿತು. ಅದೇ ಕೈಗವಸು ಈಗ ಬಲಕ್ಕೆ ಏನನ್ನೂ ಸೇರಿಸುವುದಿಲ್ಲ. ತೊಟ್ಟವರ ಬಲವನ್ನು ನೇರವಾಗಿ 19ಕ್ಕೆ ಮುಟ್ಟಿಸುತ್ತದೆ. ಬಲ 8 ಇದ್ದವನಿಗೆ ದಾಳದ ಮೇಲೆ 5 ಅಂಕಗಳ ಲಾಭ. 16 ಇದ್ದವಳಿಗೆ ಒಂದೇ ಅಂಕ. 19 ದಾಟಿದವರಿಗೆ ಏನೂ ಇಲ್ಲ. ಹಿಂದುಳಿದವನನ್ನು ಮೇಲೆತ್ತುವ ಉಡುಗೊರೆ ಇದು. ಇದರಲ್ಲೂ ಒಂದು ತೊಡಕಿದೆ. ಕಷ್ಟಪಟ್ಟು ಬಲವನ್ನು 18ಕ್ಕೆ ತಂದವಳ ಎದುರೇ ನರಪೇತಲ ಮಾಂತ್ರಿಕ 19ಕ್ಕೆ ಜಿಗಿದರೆ ಅವಳಿಗೆ ಮುನಿಸು ಬಾರದೇ? ಹಾಗಾಗಿ ವಸ್ತು ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು.

ಅದೇ ಆವೃತ್ತಿಯ ಇನ್ನೊಂದು ನಿಯಮ ಸರಳ. ಪ್ರಬಲವಾದ ಮಾಯಾವಸ್ತುಗಳು ತೊಟ್ಟವರ ಜೊತೆ ‘ಹೊಂದಿಕೊಳ್ಳಬೇಕು’; ಅಂಥವು ಒಬ್ಬರಿಗೆ ಒಮ್ಮೆಗೆ ಮೂರೇ. ನಾಲ್ಕನೆಯದು ಬೇಕೆಂದರೆ ಒಂದನ್ನು ಬಿಡಬೇಕು. ಹಾಗೆ ಬಿಟ್ಟದ್ದು ಸಾಮಾನ್ಯವಾಗಿ ಪಕ್ಕದವರ ಪಾಲಾಗುತ್ತದೆ.

ಮನೆಯಲ್ಲಿ ಆಡುವವರಿಗೆ

ನಿಮ್ಮ ಮನೆಯಲ್ಲಿ ಕಥೆ ಹೇಳುವವರು ನೀವೇ ಆದರೆ ಈ ನಾಲ್ಕು ವಿಷಯ ನೆನಪಿರಲಿ.

ಅಂಕ ಹೆಚ್ಚಿಸುವ ವಸ್ತುವಿಗಿಂತ ಹೊಸ ಕೆಲಸ ಮಾಡಿಸುವ ವಸ್ತು ಕೊಡಿ. ‘ಬ್ಯಾಗ್ ಆಫ್ ಹೋಲ್ಡಿಂಗ್’ ಎಂಬ ಮಾಯಾಚೀಲದಲ್ಲಿ 500 ಪೌಂಡ್ ಸಾಮಾನು ಹಿಡಿಸುತ್ತದೆ, ಚೀಲದ ತೂಕ ಮಾತ್ರ ಹೆಚ್ಚುವುದಿಲ್ಲ. ಅದರಿಂದ ಯಾರ ಏಟೂ ಬಲವಾಗುವುದಿಲ್ಲ, ಆದರೆ ಇಡೀ ತಂಡಕ್ಕೆ ಉಪಾಯಗಳು ಹೊಳೆಯುತ್ತವೆ.

ಪ್ರಬಲ ವಸ್ತುವನ್ನು ಕೊಡಲೇಬೇಕೆಂದರೆ ಬಳಕೆಗೆ ಮಿತಿ ಹಾಕಿ. ಮಹಾಭಾರತದ ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಬಾರಿ ಬಳಸುವಂಥದ್ದು. ಅರ್ಜುನನಿಗೆಂದು ಇಟ್ಟುಕೊಂಡದ್ದನ್ನು ಘಟೋತ್ಕಚನ ಮೇಲೆ ಬಿಡಬೇಕಾಯಿತು. ಮಿತಿ ಇದ್ದುದರಿಂದಲೇ ಆ ಪ್ರಸಂಗ ಅಷ್ಟು ರೋಚಕ.

ಕೊಡುವ ಮುನ್ನ ತಂಡದ ಪ್ರತಿಯೊಬ್ಬರಿಗೂ ದಾಳದ ಎಷ್ಟು ಮುಖ ಪರವಾಗಿವೆ ಎಂದು ಎಣಿಸಿ. ಎಲ್ಲರೂ ಸಮನಾಗಿರಬೇಕಿಲ್ಲ. ಕತ್ತಿಯಲ್ಲಿ ಹಿಂದಿರುವವನು ಬೀಗ ತೆರೆಯುವುದರಲ್ಲೋ ಮಾತಿನಲ್ಲೋ ಮುಂದಿದ್ದರೆ, ಅಂಥ ಸಂದರ್ಭ ಕಥೆಯಲ್ಲಿ ಬರುವಂತೆ ನೋಡಿಕೊಂಡರೆ ಸಾಕು.

ಈಗಾಗಲೇ ಹೆಚ್ಚು ಕೊಟ್ಟಿದ್ದರೆ ಥಟ್ಟನೆ ಕಸಿದುಕೊಳ್ಳಬೇಡಿ. ಕೊಟ್ಟದ್ದನ್ನು ಕಿತ್ತುಕೊಂಡರೆ ಮಕ್ಕಳು ಮರೆಯುವುದಿಲ್ಲ. ತೊಂದರೆ ಏನೆಂದು ಮೇಜಿನ ಮುಂದೆಯೇ ಹೇಳಿ, ಲೆಕ್ಕ ತೋರಿಸಿ. ತಮ್ಮನ ಶೇ 25ನ್ನು ಕಣ್ಣಾರೆ ಕಂಡ ಅಕ್ಕ ಆ ಕತ್ತಿಯನ್ನು ತಾನಾಗಿಯೇ ಅವನಿಗೆ ಕೊಟ್ಟಾಳು. ಆಗ ಅವನಿಗೂ 15ರ ಗಾಬ್ಲಿನ್ ಎದುರು 11 ಮುಖಗಳು. ಶತ್ರುವನ್ನು 18ಕ್ಕೆ ಏರಿಸುವ ಅಗತ್ಯವೇ ಬೀಳುವುದಿಲ್ಲ.