ಉಪ್ಪಿನಲ್ಲಿ ಮಾಗುವ ಮೊಗ್ಗು

ಸಿಸಿಲಿಗೂ ಟ್ಯುನೀಸಿಯಾಕ್ಕೂ ನಡುವೆ, ಮೆಡಿಟರೇನಿಯನ್ ಸಮುದ್ರದಲ್ಲಿ ಪಾಂಟೆಲ್ಲೆರಿಯಾ ಎಂಬ ಜ್ವಾಲಾಮುಖಿ ದ್ವೀಪವಿದೆ. ಕರಿಕಲ್ಲಿನ ಪಾಗಾರ ಕಟ್ಟಿದ ಮೆಟ್ಟಿಲು ಹೊಲಗಳು, ಬಿಡದೆ ಬೀಸುವ ಗಾಳಿ, ಮಳೆ ಕಾಣದ ಬೇಸಿಗೆ. ದ್ರಾಕ್ಷಿಯ ಜೊತೆಗೆ ಅಲ್ಲಿನ ರೈತರ ಕೈಹಿಡಿದಿರುವುದು ನೆಲಕ್ಕೊರಗಿ ಹಬ್ಬುವ ಕೇಪರ್ ಪೊದೆ. ಮೇ ತಿಂಗಳಿಂದ ಬೇಸಿಗೆ ಮುಗಿಯುವವರೆಗೂ ಸೊಂಟ ಬಗ್ಗಿಸಿ, ಇನ್ನೂ ಅರಳದ ಮೊಗ್ಗುಗಳನ್ನು ಒಂದೊಂದಾಗಿ ಕೈಯಿಂದಲೇ ಚಿವುಟಬೇಕು. ವಾರ ಹತ್ತು ದಿನಕ್ಕೊಮ್ಮೆ ಅದೇ ಗಿಡಕ್ಕೆ ಮರಳಬೇಕು. ತಡವಾದರೆ ಮೊಗ್ಗು ಹೂವಾಗಿಬಿಡುತ್ತದೆ.

ಹಸಿ ಮೊಗ್ಗು ಬಾಯಿಗಿಡಲಾಗದಷ್ಟು ಕಹಿ. ಅದನ್ನು ತಿನ್ನುವಂತೆ ಮಾಡುವುದು ಸಮುದ್ರದ ಹರಳುಪ್ಪು. ಉಪ್ಪು ಬೆರೆಸಿ ಸುಮಾರು ಹತ್ತು ದಿನ ಇಡುತ್ತಾರೆ, ಆಗಾಗ ಕೈಯಾಡಿಸುತ್ತಾರೆ, ಒಸರಿದ ನೀರನ್ನು ಬಸಿದು ಮತ್ತೆ ಉಪ್ಪು ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿಡುವ ಹಾಗೆಯೇ ಇದೂ ತಾಳ್ಮೆ ಬೇಡುವ ಕೆಲಸ. ಮೊಗ್ಗಿನಲ್ಲಿರುವ ಗ್ಲುಕೊಕ್ಯಾಪರಿನ್ ಎಂಬ ಸಂಯುಕ್ತ ಒಡೆದು ಸಾಸಿವೆಯಂಥ ಘಾಟು ಏಳುತ್ತದೆ. ಈ ಕೇಪರ್‌ಗೆ 1996ರಿಂದ ಯುರೋಪಿನ ಭೌಗೋಳಿಕ ಗುರುತಿನ ರಕ್ಷಣೆಯಿದೆ.

ಈ ಹಳೆಯ ವಿಧಾನ ರುಚಿಯನ್ನಷ್ಟೇ ಬದಲಿಸುವುದಿಲ್ಲ ಎಂಬುದೇ ನನಗೆ ಬೆರಗಿನ ಸಂಗತಿ. ಮೊಗ್ಗಿನಲ್ಲಿ ರೂಟಿನ್ ಎಂಬ ಸಸ್ಯಸಂಯುಕ್ತ ಹೇರಳವಾಗಿದೆ. ಉಪ್ಪಿನಲ್ಲಿಡುವಾಗ ಅದರ ಒಂದಂಶ ಕ್ವೆರ್ಸೆಟಿನ್ ಎಂಬ ಇನ್ನೊಂದು ಸಂಯುಕ್ತವಾಗಿ ಮಾರ್ಪಡುತ್ತದೆ. 100 ಗ್ರಾಂ ಹಸಿ ಕೇಪರ್‌ನಲ್ಲಿ ಸುಮಾರು 234 ಮಿಲಿಗ್ರಾಂ ಕ್ವೆರ್ಸೆಟಿನ್ ಲೆಕ್ಕ ಹಾಕಲಾಗಿದೆ. ಈರುಳ್ಳಿಯಲ್ಲಿ ಅದು 20ರ ಆಸುಪಾಸು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕರು 2020ರಲ್ಲಿ, ಹೃದಯ ಮತ್ತು ಮಿದುಳಿನ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹಾಯುವ ಕೆಲವು ದಾರಿಗಳನ್ನು ಕ್ವೆರ್ಸೆಟಿನ್ ಪ್ರಭಾವಿಸುತ್ತದೆ ಎಂದು ತೋರಿಸಿದರು. ಇದು ಪ್ರಯೋಗಾಲಯದ ಫಲ. ರೋಗಿಯ ಹಾಸಿಗೆಯ ಪಕ್ಕಕ್ಕೆ ಬರಲು ಇನ್ನೂ ದೂರವಿದೆ.

ಔಷಧಿಯ ಮಾತಿನಲ್ಲಿ ಕೇಪರ್ ಸಾರ ಎಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ: ಗಿಡದ ಯಾವ ಭಾಗದ್ದು? ಮೊಗ್ಗು ಅಡುಗೆಯದು. ಇರಾನಿನಲ್ಲಿ ಮಧುಮೇಹಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆ ಹಣ್ಣಿನ ಸಾರದ್ದು. ದಿನಕ್ಕೆ ಮೂರು ಸಲ 400 ಮಿಲಿಗ್ರಾಂನಂತೆ ಎರಡು ತಿಂಗಳು ಕೊಟ್ಟಾಗ ಬರಿಹೊಟ್ಟೆಯ ಸಕ್ಕರೆ ಇಳಿಯಿತು. ಒಳ್ಳೆಯ ಸುದ್ದಿಯೇ, ಆದರೆ ಪರೀಕ್ಷೆ ಚಿಕ್ಕದು. ಲಡಾಖಿನವರಾದರೋ ಇದೇ ಗಿಡದ ಎಳೆ ಚಿಗುರನ್ನು ಕಬ್ರಾ ಎಂದು ಕರೆದು, ನೀರಲ್ಲಿ ನೆನೆಸಿ ಕಹಿ ತೆಗೆದು ಪಲ್ಯ ಮಾಡುತ್ತಾರೆ.

ಆಯುರ್ವೇದದ ಹಿಂಸ್ರಾ ಎಂಬ ಮೂಲಿಕೆ ಇದೇ ಗಿಡವೆಂದು ಹಲವರು ಗುರುತಿಸುತ್ತಾರೆ. ಬೇರು ಅದರಲ್ಲಿ ಮುಖ್ಯ. ಕನ್ನಡದ ಅನೇಕ ಮನೆಗಳಿಗೆ ಪರಿಚಿತವಾದ, ಈಗ ಬೆಂಗಳೂರಿನಲ್ಲಿ ನೆಲೆಯಿರುವ ಹಿಮಾಲಯ ಕಂಪನಿಯ ಲಿವ್ 52 ಮಾತ್ರೆಯಲ್ಲಿ ಹಿಂಸ್ರಾ ಇದೆ. ಆ ಮಾತ್ರೆ ಬಂದದ್ದು 1955ರಲ್ಲಿ. ಯಕೃತ್ತನ್ನು ಕಾಪಾಡುವ ಅದರ ಗುಣ ಇಲಿಗಳಲ್ಲಿ ಕಂಡಿದೆ. ಆದರೆ ಮದ್ಯದಿಂದ ಯಕೃತ್ತು ಗಡುಸಾದ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ, 1997ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಮಾತ್ರೆಯಿಂದ ಆಯುಸ್ಸು ಹೆಚ್ಚಲಿಲ್ಲ. ಅದು ಹಲವು ಮೂಲಿಕೆಗಳ ಮಿಶ್ರಣವಾದ್ದರಿಂದ ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಹಿಂಸ್ರಾ ಒಂದಕ್ಕೇ ಹೊರಿಸುವುದು ನ್ಯಾಯವಲ್ಲ.

ಉಪ್ಪಿನ ಕೇಪರ್ ಸಿಕ್ಕರೆ ನೀರು ಬದಲಿಸುತ್ತ ನೆನೆಸಿ, ತೊಳೆದು ಬಳಸಿ. ಅಧಿಕ ರಕ್ತದೊತ್ತಡ ಇರುವವರಂತೂ ಇದನ್ನು ತಪ್ಪಿಸಬಾರದು. ಪಾಂಟೆಲ್ಲೆರಿಯಾದವರು ಬೇಯಿಸಿದ ಆಲೂಗಡ್ಡೆ, ಟೊಮೆಟೊ, ಈರುಳ್ಳಿಗೆ ಬೆರೆಸುತ್ತಾರೆ. ಮಧುಮೇಹಕ್ಕೆ ಮಾತ್ರೆ ನುಂಗುತ್ತಿರುವವರು ಮಾತ್ರ ಹಣ್ಣಿನ ಸಾರದ ಕ್ಯಾಪ್ಸೂಲ್ ಶುರುಮಾಡುವ ಮುನ್ನ ವೈದ್ಯರಿಗೆ ಹೇಳಲೇಬೇಕು: ಎರಡೂ ಸೇರಿದರೆ ಸಕ್ಕರೆ ಅಳತೆ ಮೀರಿ ಇಳಿದೀತು.