ಫೋನಿನ ಪುನರ್ಜನ್ಮ

ಫೋನು ಕೆಟ್ಟು ನಿಂತರೆ "ರೀಸೆಟ್ ಮಾಡಿಬಿಡು, ಎಲ್ಲಾ ಸರಿಹೋಗುತ್ತದೆ" ಎಂದು ಬುದ್ಧಿ ಹೇಳುವವರು ನಮ್ಮ ವಿದ್ಯಾರ್ಥಿನಿಲಯದಲ್ಲಿ ಕೋಣೆಗೊಬ್ಬರಿದ್ದಾರೆ. ಕಳೆದ ವರ್ಷ ನಾನೂ ಅವರ ಮಾತು ಕೇಳಿದೆನು. ಫೋನೇನೋ ಹೊಸದರಂತೆ ಎದ್ದು ಕುಳಿತಿತು. ಆದರೆ ತೀರಿಹೋದ ನನ್ನ ಅಜ್ಜಿಯ ಬಾಯಿಂದ ಹಾಡಿಸಿ ಅದರಲ್ಲಿ ಹಿಡಿದಿಟ್ಟಿದ್ದ 11 ಸೋಬಾನೆ ಪದಗಳು ಹೋದುವು. ಆ ಪೆಟ್ಟು ತಿಂದಮೇಲೆ ತಿಳಿದುಕೊಂಡದ್ದನ್ನು ಮಿತ್ರರ ಮುಂದೆ ಇಡುತ್ತಿದ್ದೇನೆ.

ಅಳಿಸಿದ್ದನ್ನು ಮರಳಿ ತೆಗೆಸಬಹುದಲ್ಲವೇ ಎಂದು ಕೇಳುವಿರಿ. ನಾನೂ ಅದೇ ಆಸೆಯಿಂದ ಎರಡು ಅಂಗಡಿಗಳನ್ನು ಅಲೆದೆನು. ಈಚಿನ ಆಂಡ್ರಾಯ್ಡ್ ಫೋನುಗಳು ಒಳಗಿನ ಮಾಹಿತಿಯನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಅದನ್ನು ಬಿಡಿಸುವ ಕೀಲಿಯೂ ಫೋನಿನೊಳಗೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಕೀಲಿಯೇ ನಾಶವಾಗುತ್ತದೆ. ಆಮೇಲೆ ಎಷ್ಟು ತಡಕಿದರೂ ಸಿಕ್ಕುವುದು ಅರ್ಥವಿಲ್ಲದ ಅಕ್ಷರರಾಶಿ. ಆದಕಾರಣ ಪ್ರತಿಯೊಂದನ್ನು ಮೊದಲೇ ಫೋನಿನ ಹೊರಗೆ ಇಟ್ಟಿರಬೇಕು.

"ಬ್ಯಾಕಪ್ ಆನ್ ಇದೆ" ಎಂಬ ಒಂದು ಸಾಲನ್ನು ನಂಬಿ ನಾನು ಕೆಟ್ಟೆನು. ಗೂಗಲ್ ಖಾತೆಯಲ್ಲಿ ಉಳಿದಿದ್ದುದು ಹೆಸರು-ನಂಬರುಗಳು, ಎಸ್ಸೆಮ್ಮೆಸ್ಸುಗಳು, ಕರೆಗಳ ಪಟ್ಟಿ, ಸೆಟ್ಟಿಂಗುಗಳು. ಫೋಟೋಗಳು ಗೂಗಲ್ ಫೋಟೋಸಿನಲ್ಲಿ ಬೇರೆಯಾಗಿ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಉಳಿಯುತ್ತವೆ. ವಾಟ್ಸಾಪಿನದು ಇನ್ನೊಂದು ಸಂಸಾರ. ಅದರ ಬ್ಯಾಕಪ್ಪನ್ನು ಅದರ ಸೆಟ್ಟಿಂಗಿನಲ್ಲಿಯೇ ಏರ್ಪಡಿಸಬೇಕು; ಮರಳಿ ಪಡೆಯುವಾಗ ಅದೇ ನಂಬರು, ಅದೇ ಗೂಗಲ್ ಖಾತೆ ಇರಬೇಕು. 2021ರಲ್ಲಿ ಬಂದ ಗೂಢಲಿಪಿ ಬ್ಯಾಕಪ್ಪಿಗೆ ಪಾಸ್‌ವರ್ಡ್ ಇಟ್ಟು, ಅದನ್ನು ಮರೆತು, ಫೋನನ್ನೂ ಅಳಿಸಿದರೆ ಕಂಪನಿಯವರೂ ತೆರೆದುಕೊಡಲಾರರು. ಇನ್ನು ರೆಕಾರ್ಡರಿನ ಧ್ವನಿಗಳು! ಅವು ಈ ಯಾವ ಲೆಕ್ಕದಲ್ಲಿಯೂ ಸೇರಿರಲಿಲ್ಲ. ಕೇಬಲ್ ಹಾಕಿ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಕೈಯಾರೆ ಎತ್ತಿಡಬೇಕಾಗಿತ್ತು. ಹತ್ತು ನಿಮಿಷದ ಕೆಲಸ.

ಬಿಟ್ಟಿ ಜಾಗವೂ ಮಿತವಾದುದು. 2021ರ ಜೂನ್‌ನಿಂದ ಹೊಸ ಫೋಟೋಗಳೂ ಆ ಲೆಕ್ಕಕ್ಕೆ ಬೀಳುತ್ತವೆ. ತುಂಬಿದ ದಿನ ಬ್ಯಾಕಪ್ ನಿಂತುಹೋಗುತ್ತದೆ. ಆದ್ದರಿಂದ ಕೊನೆಯ ಬ್ಯಾಕಪ್ಪಿನ ತಾರೀಖನ್ನು ನೋಡದೆ ರೀಸೆಟ್ಟಿಗೆ ಕೈ ಹಾಕಬಾರದು. ಗೂಗಲ್ ಪಾಸ್‌ವರ್ಡೂ ನೆನಪಿನಲ್ಲಿರಬೇಕು. ಪಕ್ಕದ ಗುಂಡಿಗಳನ್ನು ಒತ್ತಿಹಿಡಿದು ರೀಸೆಟ್ ಮಾಡಿದರೆ ಹಳೆಯ ಖಾತೆಯನ್ನೇ ಕೇಳುವ ಕಾವಲು 2015ರ ಆಂಡ್ರಾಯ್ಡ್ 5.1ರಿಂದ ಇದೆ. ಇದು ಕಳ್ಳರಿಗಾಗಿ ಮಾಡಿದ್ದು. ಸಿಕ್ಕಿಬೀಳುವವರು ಮಾತ್ರ ಮರೆಗುಳಿಗಳು.

ನನ್ನ ಪುಣ್ಯ, ಹನ್ನೊಂದರಲ್ಲಿ ಮೂರು ಪದಗಳನ್ನು ಸೋದರತ್ತೆಗೆ ಎಂದೋ ಕಳುಹಿಸಿದ್ದೆನು. "ಅಮ್ಮನ ದನಿ ಕಣೋ, ಅಳಿಸೋಕೆ ಮನಸ್ಸು ಬರಲಿಲ್ಲ" ಎಂದು ಅತ್ತೆ ಹಾಗೆಯೇ ಮರಳಿ ಕಳುಹಿಸಿದರು. ಈಗ ಅವು ಪೆನ್‌ಡ್ರೈವಿನಲ್ಲೊಂದು, ಗೂಗಲ್ ಡ್ರೈವಿನಲ್ಲೊಂದು ಪ್ರತಿಯಾಗಿವೆ. ಎತ್ತಿಟ್ಟದ್ದು ನಿಜವಾಗಿ ತೆರೆಯುವುದೋ ಎಂದು ನಮ್ಮ ಕಾಲೇಜು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹಾಕಿ ಕೇಳಿದೆನು. ಮೂರೂ ತೆರೆದುವು. ಕೊನೆಯ ಪದ ಮುಗಿದಮೇಲೆ ಅಜ್ಜಿ ಕೇಳುತ್ತಾಳೆ: "ಬಂತೇನೋ ಮಗಾ, ಅದರೊಳಕ್ಕೆ?"