ರಾಜಾಜಿನಗರದ ಅಳತೆ, ಸಿಯಾಟಲ್‌ನ ನೀರು

ಬೇರೆ ದೇಶಕ್ಕೆ ಸಂಸಾರ ಸಾಗಿಸಿದವರು ಭಾಷೆ, ಊಟ, ಚಳಿಗಳ ವಿಷಯದಲ್ಲಿ ಮೊದಲೇ ಸಿದ್ಧರಾಗಿರುತ್ತಾರೆ. ಬಟ್ಟೆ ಒಗೆಯುವುದಕ್ಕೂ ಸಿದ್ಧತೆ ಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಬೆಂಗಳೂರಿನ ರಾಜಾಜಿನಗರದಲ್ಲಿ ಹಾಕುತ್ತಿದ್ದಷ್ಟೇ ಪುಡಿಯನ್ನು ಅಮೆರಿಕದ ಸಿಯಾಟಲ್‌ನಲ್ಲಿ ಹಾಕಿದರೆ ಮೆಷಿನ್ನಿನ ಗಾಜಿನ ಬಾಗಿಲ ತುಂಬ ನೊರೆ, ಎಷ್ಟು ಜಾಲಿಸಿದರೂ ಬಟ್ಟೆಯಲ್ಲಿ ಅಂಟಂಟು. ಸಿಯಾಟಲ್‌ಗೆ ಒಗ್ಗಿದ ಚಿಟಿಕೆ ಪುಡಿ ಲಂಡನ್ನಿಗೆ ಹೋದರೆ ಬಿಳಿ ಪಂಚೆ ಮಂಕಾಗುತ್ತದೆ, ಟವೆಲ್ಲು ಬಿರುಸಾಗುತ್ತದೆ. ತಪ್ಪನ್ನು ಮೆಷಿನ್ನಿನ ಮೇಲೋ ಪುಡಿಯ ಕಂಪನಿಯ ಮೇಲೋ ಹೊರಿಸುವುದು ವಾಡಿಕೆ. ಊರಿನಿಂದಲೇ ಪುಡಿಯ ಪೊಟ್ಟಣ ಒಯ್ಯುವವರೂ ಉಂಟು. ನಿಜಕ್ಕೂ ಬದಲಾಗಿರುವುದು ನಲ್ಲಿಯ ನೀರು. ಒಗೆತದ ಅಳತೆಯನ್ನು ನಿರ್ಧರಿಸುವುದು ಬಟ್ಟೆಯ ಕೊಳೆಗಿಂತ ಹೆಚ್ಚಾಗಿ ಅದೇ. ಇದನ್ನು ಕಾಣಲು ಸಮುದ್ರ ದಾಟಬೇಕಿಲ್ಲ. ಬಸವೇಶ್ವರನಗರದಿಂದ ಕೆಂಗೇರಿಯ ಹೊಸ ಬಡಾವಣೆಗೆ ಮನೆ ಬದಲಿಸಿದರೂ ಸಾಕು.

ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನ. ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಲೆಕ್ಕ ಹಾಕುತ್ತಾರೆ. ಸೋಪು ಎಂದರೆ ಎಣ್ಣೆ ಅಥವಾ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಗಡಸು ನೀರಿಗೆ ಬಿದ್ದ ಕೂಡಲೇ ಅದು ಸೋಡಿಯಂ ಬಿಟ್ಟು ಕ್ಯಾಲ್ಸಿಯಂ ಹಿಡಿದು, ಕರಗದ ಬೂದು ಜಿಡ್ಡಾಗುತ್ತದೆ. ಒಂದು ಕ್ಯಾಲ್ಸಿಯಂ ಎರಡು ಸೋಪಿನ ಅಣುಗಳನ್ನು ಕೆಡಿಸುವುದರಿಂದ ನಷ್ಟವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಲೀಟರಿಗೆ 400 ಮಿಲಿಗ್ರಾಂ ಗಡಸಿನ ನೀರು ಹತ್ತು ಲೀಟರಿನ ಬಕೆಟ್ಟಿನಲ್ಲಿದ್ದರೆ ಅದರಲ್ಲಿ 4 ಗ್ರಾಂನಷ್ಟು ಗಡಸು ಇರುತ್ತದೆ. ಅಷ್ಟನ್ನು ತಣಿಸಲು ಸುಮಾರು 25 ಗ್ರಾಂ ಅಪ್ಪಟ ಸೋಪು ಬೇಕು. ಇದು ಇನ್ನೂ ಕೊಳೆಯನ್ನು ಮುಟ್ಟದೆ ನೀರಿನ ಪಾಲಾದ ಸೋಪು. ಸಿಯಾಟಲ್‌ನ ನೀರು ಬೆಟ್ಟಗಳ ಮಳೆ ಮತ್ತು ಹಿಮದ್ದು, ಗಡಸು ಲೀಟರಿಗೆ ಸುಮಾರು 25 ಮಿಲಿಗ್ರಾಂ. ಅಲ್ಲಿ ಅದೇ ಬಕೆಟ್ಟಿಗೆ ಒಂದೂವರೆ ಗ್ರಾಂ ಸೋಪು ಸಾಕು. ಹದಿನಾರು ಪಟ್ಟಿನ ಈ ಅಂತರವನ್ನು ಯಾವ ಜಾಹೀರಾತಿನ ಹೊಸ ಪುಡಿಯೂ ಮುಚ್ಚಲಾರದು.

ಪಶ್ಚಿಮ ಬೆಂಗಳೂರಿನ ನಲ್ಲಿಗಳಲ್ಲಿ ಈ ಅಂತರ ಮನೆಯೊಳಗೇ ಕಾಣುತ್ತದೆ. ನಗರಕ್ಕೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬಂದಳು. ಇವೆಲ್ಲ ಮಳೆಯಿಂದ ತುಂಬುವ ಮೇಲ್ಮೈ ನೀರು, ಹೋಲಿಕೆಯಲ್ಲಿ ಮೆದು. ಬೋರ್‌ವೆಲ್ಲಿನ ನೀರಿನ ಕಥೆಯೇ ಬೇರೆ. ಅದು ನೈಸ್ ಎಂಬ ನಮ್ಮ ಹಳೆಯ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಖನಿಜ ಕರಗಿಸಿಕೊಂಡ ನೀರು. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡ 200 ಮಿಲಿಗ್ರಾಂವರೆಗಿನ ಗಡಸನ್ನು ಸ್ವೀಕಾರಾರ್ಹ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಹಾಗಾಗಿ ‘ಕುಡಿಯಲು ಯೋಗ್ಯ’ ಎಂದು ಪಾಸಾದ ನೀರು ಬಟ್ಟೆಗೆ ಯೋಗ್ಯ ಎಂದೇನೂ ಅಲ್ಲ. ವಿಜಯನಗರದ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಕಾವೇರಿ ನಲ್ಲಿ, ಬಚ್ಚಲಿಗೂ ಮೆಷಿನ್ನಿಗೂ ಬೋರ್ ನಲ್ಲಿ. ಕೆಲವು ಕಡೆ ಎರಡೂ ಸಂಪಿನಲ್ಲೇ ಬೆರೆಯುತ್ತವೆ. ಕಾವೇರಿ ಬಂದ ದಿನ ಒಂದು ನೀರು, ಟ್ಯಾಂಕರ್ ತರಿಸಿದ ದಿನ ಇನ್ನೊಂದು. ಪುಡಿಯ ಚಮಚ ಮಾತ್ರ ಎರಡೂ ದಿನ ಒಂದೇ.

ಹಾಗಾದರೆ ನೊರೆ ನೋಡಿ ಹಾಕಿದರಾಯಿತಲ್ಲ, ನಮ್ಮಜ್ಜಿಯರು ಹಾಗೆಯೇ ಮಾಡುತ್ತಿದ್ದರಲ್ಲ ಎಂಬ ಆಕ್ಷೇಪ ಸಹಜ. ಅದರಲ್ಲಿ ಅರ್ಧ ಸತ್ಯವಿದೆ. ಸೋಪಿನ ಕಾಲದಲ್ಲಿ ನೊರೆ ನಿಜವಾಗಿಯೂ ಒಂದು ಮಾಪಕವಾಗಿತ್ತು, ಏಕೆಂದರೆ ಕ್ಯಾಲ್ಸಿಯಂ ತಣಿದ ಮೇಲೆಯೇ ನೊರೆ ನಿಲ್ಲುತ್ತದೆ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ಇದನ್ನೇ ವೈಜ್ಞಾನಿಕ ಪರೀಕ್ಷೆಯಾಗಿಸಿದ. ನೀರಿಗೆ ಸೋಪಿನ ದ್ರಾವಣ ಬಿಡುತ್ತ, ಕುಲುಕುತ್ತ, ನೊರೆ ನಿಲ್ಲಲು ಎಷ್ಟು ಬೇಕಾಯಿತೆಂದು ಅಳೆದರೆ ಗಡಸು ತಿಳಿಯುತ್ತಿತ್ತು. ಆದರೆ ಇಂದಿನ ಪುಡಿಯಲ್ಲಿರುವುದು ಹೆಚ್ಚಾಗಿ ಸೋಪಲ್ಲ, ಪೆಟ್ರೋಲಿಯಂ ಮೂಲದ ಡಿಟರ್ಜೆಂಟ್. ಅದು ಗಡಸು ನೀರಿನಲ್ಲೂ ಸುಲಭವಾಗಿ ಜಿಡ್ಡುಗಟ್ಟದು, ಕೊಳೆ ಹೋಗುವ ಮೊದಲೂ ನೊರೆ ಕೊಡುತ್ತದೆ, ಹೋದ ಮೇಲೂ ಕೊಡುತ್ತದೆ. ಹಾಗಾಗಿ ಅಜ್ಜಿಯ ಮಾಪಕ ಅಜ್ಜಿಯ ಸೋಪಿಗೆ ಮಾತ್ರ ಸರಿ. ಮೈಗೆ ಹಚ್ಚುವ ಸೋಪುಗಳಲ್ಲಿ ಬಹುಪಾಲು ಇಂದಿಗೂ ನಿಜವಾದ ಸೋಪುಗಳೇ. ಬಚ್ಚಲಿನ ಬಕೆಟ್ಟಿನ ಒಳಗೆ ಸುತ್ತ ಅಂಟುವ ಬೂದು ಪಟ್ಟಿಗೆ ಇದೇ ಕಾರಣ.

ಡಿಟರ್ಜೆಂಟ್ ಬಂದ ಮೇಲೆ ಗಡಸಿನ ಸಮಸ್ಯೆ ಮುಗಿಯಿತು ಎನ್ನುವಂತೆಯೂ ಇಲ್ಲ. ಗಡಸು ಅದರ ಶಕ್ತಿಯನ್ನೂ ಕುಂದಿಸುತ್ತದೆ, ಅದಕ್ಕೇ ಪುಡಿಯಲ್ಲಿ ನೀರನ್ನು ಮೆದು ಮಾಡುವ ಸೋಡಾ, ಜಿಯೋಲೈಟ್, ಕೆಲವೆಡೆ ಫಾಸ್ಫೇಟ್ ಸೇರಿಸುತ್ತಾರೆ. ಪುಡಿಯ ದೊಡ್ಡ ಪಾಲು ಬಟ್ಟೆಗಾಗಿ ಅಲ್ಲ, ನೀರಿಗಾಗಿ ಇದೆ. ಮಡಿವಾಳರ ಕಸುಬಿನಲ್ಲಿ ಈ ತಿಳಿವು ಹಿಂದೆಯೇ ಇತ್ತು. ಚೌಳುಮಣ್ಣಿನಲ್ಲಿ ಅದ್ದಿ, ಉಬ್ಬೆ ಹಾಕಿ, ಹಬೆಯಲ್ಲಿ ಬೇಯಿಸುವ ಪದ್ಧತಿಯಲ್ಲಿ ಕೆಲಸ ಮಾಡುತ್ತಿದ್ದುದು ಆ ಮಣ್ಣಿನ ಸೋಡಿಯಂ ಕಾರ್ಬೊನೇಟ್, ಅಂದರೆ ಸೋಡಾ. ಅದು ಕ್ಯಾಲ್ಸಿಯಂ ಅನ್ನು ಸುಣ್ಣದಂಥ ಪುಡಿಯಾಗಿ ಕೆಳಗಿಳಿಸುತ್ತದೆ, ಜಿಡ್ಡಿನೊಂದಿಗೆ ಸೇರಿ ಅದನ್ನು ಸೋಪಾಗಿಯೂ ಮಾಡುತ್ತದೆ. ಇನ್ನು ಅಂಟುವಾಳ ಕಾಯಿಯಲ್ಲಿ ನೊರೆ ಕೊಡುವ ಸಪೋನಿನ್‌ಗೆ ಕ್ಯಾಲ್ಸಿಯಂ ಕಂಡರೆ ಸೋಪಿನಷ್ಟು ಭಯವಿಲ್ಲ. ರೇಷ್ಮೆಗೆ ಅದನ್ನು ಇಟ್ಟುಕೊಂಡಿದ್ದರಲ್ಲಿ ಜಾಣತನವಿದೆ, ಏಕೆಂದರೆ ಸೋಡಾದ ಕ್ಷಾರ ರೇಷ್ಮೆಯನ್ನೂ ಉಣ್ಣೆಯನ್ನೂ ಹಾಳುಮಾಡುತ್ತದೆ. ಮೇಲೆ ಹೇಳಿದ 400ರ ಬಕೆಟ್ಟಿಗೆ ಬೇಕಾಗುವುದು ನೀರಿಲ್ಲದ ಸೋಡಾ ನಾಲ್ಕು ಗ್ರಾಂಗಿಂತ ತುಸು ಹೆಚ್ಚು, ಹರಳು ಸೋಡಾ ಆದರೆ ಹನ್ನೊಂದು ಗ್ರಾಂ. ಹತ್ತಿ ಬಟ್ಟೆಗೆ, ಹಾಸಿಗೆ ಹೊದಿಕೆಗೆ ಇದು 25 ಗ್ರಾಂ ಸೋಪಿಗಿಂತ ಅಗ್ಗ.

ಈ ಲೆಕ್ಕವನ್ನು ಕಾನೂನಾಗಿಸಿದ ದೇಶಗಳೂ ಇವೆ. ಐರೋಪ್ಯ ಒಕ್ಕೂಟದ 2004ರ ನಿಯಮದಂತೆ ಒಗೆಯುವ ಪುಡಿಯ ಪೊಟ್ಟಣದ ಮೇಲೆ ಮೆದು, ಮಧ್ಯಮ, ಗಡಸು ನೀರಿಗೆ ಬೇರೆ ಬೇರೆ ಅಳತೆ ಅಚ್ಚಾಗಿರಬೇಕು. ಜರ್ಮನಿಯಲ್ಲಿ ನೀರು ಸರಬರಾಜು ಮಾಡುವವರು ಆಯಾ ಪ್ರದೇಶದ ಗಡಸನ್ನು ತಿಳಿಸುತ್ತಾರೆ; ಮನೆಯವರು ಪೊಟ್ಟಣದ ಮೇಲಿನ ಸಾಲು ಆರಿಸಿದರಾಯಿತು. ಜರ್ಮನಿಗೆ ಹೋದ ಕನ್ನಡ ಕುಟುಂಬ ಪೊಟ್ಟಣದ ಆ ಚಿಕ್ಕ ಪಟ್ಟಿಯನ್ನು ಓದಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಬಾಗಿಲು ಮುಂದಿರುವ ಮೆಷಿನ್ನು ಕಡಿಮೆ ನೀರಿನಲ್ಲಿ ಒಗೆಯುವುದರಿಂದ ಹೆಚ್ಚಾದ ಪುಡಿ ಬಟ್ಟೆಯಲ್ಲೇ ಉಳಿಯುತ್ತದೆ ಎಂಬುದು ಇನ್ನೊಂದು ಮಾತು. ಚಳಿಗಾಲದ ನಲ್ಲಿ ನೀರಿನ ತಂಪಿನಲ್ಲಿ ಪುಡಿ ಸರಿಯಾಗಿ ಕರಗದು. ಅಲ್ಲಿ 40 ಡಿಗ್ರಿಯ ಗುಂಡಿ ಒತ್ತುವುದು ದುಂದಲ್ಲ.

ಮನೆ ಶುಚಿಯ ಲೆಕ್ಕವೂ ಇದೇ ಜಾಡಿನದು. ಗಡಸು ನೀರು ಕಾದಾಗ ಅದರಲ್ಲಿರುವ ಬೈಕಾರ್ಬೊನೇಟ್ ಒಡೆದು ಸುಣ್ಣವಾಗಿ ಕೂರುತ್ತದೆ, ಗೀಸರಿನ ಕಾಯಿಲ್ ಮೇಲೂ ನಲ್ಲಿಯ ಬಾಯಲ್ಲೂ. ಅದನ್ನು ಕರಗಿಸುವುದು ಆಮ್ಲ. ಬಿಳಿ ಕಲೆಗೆ ಸೋಪು ಉಜ್ಜಿ ಸುಸ್ತಾಗುವವರು ತಿಳಿಯಬೇಕಾದುದು ಇಷ್ಟೇ: ಸೋಪಿನಿಂದ ಸುಣ್ಣ ಹೋಗದು, ನಿಂಬೆರಸವೋ ವಿನೆಗರೋ ಬೇಕು. ಆದರೆ ಅದೇ ಆಮ್ಲ ಅಮೃತಶಿಲೆಯನ್ನೂ, ರಾಜಾಜಿನಗರದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವನ್ನೂ ತಿನ್ನುತ್ತದೆ, ಏಕೆಂದರೆ ಅವುಗಳಲ್ಲೂ ಕ್ಯಾಲ್ಸಿಯಂ ಇದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇದು ಎಲ್ಲ ದೇಶಗಳಲ್ಲೂ ಅಪಾಯ, ಆದರೆ ವಿದೇಶದ ಮುಚ್ಚಿದ ಬಚ್ಚಲಿನಲ್ಲಿ ಹೆಚ್ಚು. ಅಲ್ಲಿನ ಬಚ್ಚಲಿನ ನೆಲದಲ್ಲಿ ನೀರು ಹೋಗುವ ಜಾಲರಿಯೂ ಸಾಮಾನ್ಯವಾಗಿ ಇರದು. ನಾಲ್ಕು ಚೊಂಬು ಸುರಿದು ತೊಳೆಯುವ ನಮ್ಮ ಅಭ್ಯಾಸ ಕೆಳಮನೆಯ ಚಾವಣಿಯನ್ನು ನೆನೆಸೀತು.

ಹೋಗಲಿ, ಹತ್ತಿಪ್ಪತ್ತು ಗ್ರಾಂ ಪುಡಿಗೆ ಇಷ್ಟು ಚರ್ಚೆ ಏಕೆ, ಹೆಚ್ಚಾದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ಜಾಲಿಸುವ ನೀರಿನಲ್ಲಿದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿದ ಊರು ಬೆಂಗಳೂರು. ನಷ್ಟ ಚರಂಡಿಯಾಚೆಗೂ ಇದೆ. ರಾಜಾಜಿನಗರ, ವಿಜಯನಗರಗಳ ಕೊಳಚೆಯ ಹರಿವು ವೃಷಭಾವತಿಯ ಕಣಿವೆಗೆ. ಆ ನದಿ ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಶುದ್ಧೀಕರಣ ತಪ್ಪಿಸಿಕೊಂಡ ಡಿಟರ್ಜೆಂಟ್ ಆ ಹಾದಿಯಲ್ಲಿ ನೊರೆಯಾಗುತ್ತದೆ, ಫಾಸ್ಫೇಟ್ ಇದ್ದರೆ ಪಾಚಿಗೆ ಗೊಬ್ಬರವಾಗುತ್ತದೆ. ನೀರು ಮೆದು ಮಾಡುವ ಯಂತ್ರ ಕೂರಿಸಿದರೆ ಆಯಿತಲ್ಲ ಎಂದರೆ, ಅದು ಕ್ಯಾಲ್ಸಿಯಂ ಬದಲು ಸೋಡಿಯಂ ಕೊಡುತ್ತದೆ, ಆಗಾಗ ಉಪ್ಪುನೀರಿನಿಂದ ತನ್ನನ್ನು ತೊಳೆದುಕೊಂಡು ಆ ಉಪ್ಪನ್ನೂ ಅದೇ ಚರಂಡಿಗೆ ಬಿಡುತ್ತದೆ. ಅಪಾರ್ಟ್‌ಮೆಂಟಿಗೆ ಅದು ಬೇಕಾದೀತು. ಒಂದು ಮನೆಗೆ ಮೊದಲು ಬೇಕಿರುವುದು ಪರೀಕ್ಷೆ. ಒಂದು ಬಾಟಲಿಯಲ್ಲಿ ಹಿಡಿದ ಮಳೆನೀರು, ಇನ್ನೊಂದರಲ್ಲಿ ನಲ್ಲಿಯ ನೀರು, ಎರಡಕ್ಕೂ ಮೈಸೋಪಿನ ಒಂದೇ ಅಳತೆಯ ಚೂರು. ಕರಗಿಸಿ ಕುಲುಕಿ, ನೊರೆಯನ್ನೂ ನೀರಿನ ಮಸುಕನ್ನೂ ಹೋಲಿಸಿ. ಎರಡೂ ಒಂದೇ ರೀತಿ ನೊರೆಗಟ್ಟಿದರೆ ಚಮಚ ಅರ್ಧಕ್ಕಿಳಿಸಿ ನೋಡಬಹುದು. ನಲ್ಲಿಯ ಬಾಟಲಿ ಹಾಲಿನಂತೆ ಮಸುಕಾಗಿ ನೊರೆ ಕುಸಿದರೆ ಪುಡಿ ಹೆಚ್ಚಿಸುವ ಬದಲು ಹತ್ತಿ ಬಟ್ಟೆಗೆ ಸೋಡಾ ಸೇರಿಸಿ ನೋಡಬೇಕು.